ಮೂರನೆಯ ಮಣೆ

ಆ ದಿನ ನಮ್ಮ ಮನೆಯ ನಡುಮನೆಯಲ್ಲಿ ನಡೆದದ್ದು ಹೀಗೇ ಎಂದು ಪ್ರಮಾಣ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ಜಮಖಾನದ ಬಣ್ಣ ನೆನಪಿದೆ, ಅದರ ಒಂದು ಮೂಲೆ ಇಲಿ ಕಡಿದು ಹೋಗಿದ್ದೂ ನೆನಪಿದೆ. ಆದರೆ ಬಂದವರು ಎಷ್ಟು ಜನ, ಯಾರು ಯಾವ ಕಡೆ ಕೂತಿದ್ದರು, ಮಾತು ಯಾವ ದಿಕ್ಕಿನಿಂದ ಬಂತು ಎಂದು ಕೇಳಿದರೆ ತಡವರಿಸುತ್ತೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ, ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ನೋಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ನೆನಪಿಗೆ ಆ ಸೌಲಭ್ಯವಿಲ್ಲ. ಪ್ರತಿ ಸಲವೂ ನಾವು ನೆನೆಯುವುದು ಹಿಂದಿನ ಸಲ ನೆನೆದದ್ದನ್ನು. ಹಾಗೆ ನೆನೆದೂ ನೆನೆದೂ ನುಣ್ಣಗಾದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ನಾಚಿಕೆ ಎಂಬುದೂ ನೆನಪನ್ನು ತನಗೆ ಬೇಕಾದ ಹಾಗೆ ತಿದ್ದುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ.

ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ಲಂಟಾನದ ಪೊದೆ, ಯಾರೋ ಹಾಕಿಟ್ಟ ಕಲ್ಲಿನ ರಾಶಿ, ಯಡಿಯೂರಿನವರ ಎಮ್ಮೆಗಳು, ಇವನ್ನೆಲ್ಲ ದಾಟಬೇಕಿತ್ತು. ನಮ್ಮದು ಕೆಂಪು ಗಾರೆ ನೆಲದ ಸಣ್ಣ ಮನೆ. ಹಿತ್ತಲಿನಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು, ಅದರಲ್ಲಿ ಕಾಲಿನಿಂದ ತುಳಿಯುವ ಒಂದು ಅಚ್ಚಿನ ಯಂತ್ರ. ಅಪ್ಪ ಬೆಳಿಗ್ಗೆ ಹೈಸ್ಕೂಲಿನಲ್ಲಿ ಮೇಷ್ಟ್ರು, ಸಂಜೆ ಪ್ರಕಾಶಕ. ದೊಡ್ಡ ಪ್ರಕಾಶಕರು ಮುಟ್ಟದ ಪುಸ್ತಕಗಳನ್ನು ಹುಡುಕಿ ತಂದು, ತಾನೇ ಅಕ್ಷರದ ಮೊಳೆ ಜೋಡಿಸಿ, ತಾನೇ ಯಂತ್ರ ತುಳಿದು ಅಚ್ಚು ಹಾಕುತ್ತಿದ್ದ. ಶೆಡ್ಡಿನಲ್ಲಿ ಅಚ್ಚಾದ ಹಾಳೆಗಳು ಒಣಗಲು ಮನೆಯೊಳಗೆ ಬರುತ್ತಿದ್ದವು. ಮಂಚದ ಕೆಳಗೆ ಹಾಳೆ, ದೇವರ ಮನೆಯ ಅಟ್ಟದ ಮೇಲೆ ಹಾಳೆ, ಅಕ್ಕಿ ಚೀಲದ ಪಕ್ಕದಲ್ಲಿ ಹಾಳೆ. ಭಾನುವಾರ ನಾವೆಲ್ಲ ನಡುಮನೆಯಲ್ಲಿ ಕೂತು ಮಡಚುತ್ತಿದ್ದೆವು, ಅಮ್ಮ ದಬ್ಬಣ ಹಿಡಿದು ಹೊಲಿಯುತ್ತಿದ್ದಳು. ಮೊಳೆ ತೊಳೆಯುವ ಸೀಮೆಎಣ್ಣೆಯ ವಾಸನೆ ನಮ್ಮ ಬಟ್ಟೆಯಲ್ಲಿ, ಕೂದಲಿನಲ್ಲಿ, ಒಮ್ಮೊಮ್ಮೆ ಮಜ್ಜಿಗೆಯಲ್ಲೂ ಇರುತ್ತಿತ್ತು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವವನು ಮೂಗು ಹಿಡಿದುಕೊಂಡು ಹೇಳುತ್ತಿದ್ದ:

"ಲೋ ಶ್ರೀಧರ, ನಿಮ್ಮನೇಲಿ ತಲೆಗೂ ಸೀಮೆಎಣ್ಣೇನೇನೋ ಹಚ್ಚೋದು?"

ಮನೆಯ ಒಳಾಡಳಿತ ದೊಡ್ಡತ್ತೆಯದು. ಅವಳು ಅಪ್ಪನ ಅಕ್ಕ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿಗೆ ಬಂದವಳು. ನಾನು ನೋಡುವ ಹೊತ್ತಿಗೆ ಅವಳಿಗೆ ಅರವತ್ತರ ಹತ್ತಿರ. ಮಡಿಯಲ್ಲಿದ್ದಾಗ ಮಕ್ಕಳು ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಪುಸ್ತಕದ ಬೆನ್ನಿಗೆ ಹಚ್ಚುವ ಮೈದಾ ಅಂಟನ್ನು ಅಡುಗೆಮನೆಯ ಒಲೆಯ ಮೇಲೆ ಕಾಯಿಸಲು ಅವಳು ಬಿಡುತ್ತಿರಲಿಲ್ಲ. ಅದಕ್ಕೆ ಬಚ್ಚಲಿನ ನೀರೊಲೆ. ಅಂಟಿನ ಬಾಣಲೆ ಹಿಡಿದು ಯಾರಾದರೂ ಅಡುಗೆಮನೆಯ ಹೊಸಿಲ ಹತ್ತಿರ ಸುಳಿದರೆ ಒಳಗಿನಿಂದ ಅವಳ ದನಿ ಬರುತ್ತಿತ್ತು:

"ಅಲ್ಲೇ ನಿಲ್ಲು. ಅದು ನಿಮ್ಮಪ್ಪನ ಸರಸ್ವತಿ, ಇದು ನನ್ನ ಅನ್ನಪೂರ್ಣೆ. ಇಬ್ಬರ ನಡುವೆ ಒಂದು ಹೊಸಿಲಿರಲಿ."

ಆ ಬಾಗಿಲಲ್ಲಿ ಅವಳು ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದ ಭಂಗಿಯನ್ನು ಈಗಲೂ ಬರೆದು ತೋರಿಸಬಲ್ಲೆ. ಬಲಗೈ ಸೊಂಟದ ಮೇಲೆ, ಎಡಗೈಯಲ್ಲಿ ಸೆರಗಿನ ತುದಿ.

ಅಪ್ಪನ ಪ್ರಕಾಶನಕ್ಕೆ ಒಂದು ಹಬ್ಬವಿತ್ತು. ತುಳಸಿ ಹಬ್ಬದ ದಿನ, ಮನೆ ಹೇಗಿದ್ದರೂ ಸಾರಿಸಿ ರಂಗೋಲಿ ಹಾಕಿರುತ್ತದೆ ಎಂದು, ಆ ವರ್ಷದ ಪುಸ್ತಕಗಳ ಲೇಖಕರನ್ನು ಮನೆಗೆ ಊಟಕ್ಕೆ ಕರೆಯುತ್ತಿದ್ದ. ಪುಸ್ತಕದ ಹಬ್ಬ ಎಂದೇ ಅದರ ಹೆಸರು. ನಡುಮನೆಯಲ್ಲಿ ಸಾಲಾಗಿ ಮಣೆ ಹಾಕಿ, ಮಣೆಯ ಮುಂದೆ ರಂಗೋಲಿ ಬಿಟ್ಟು, ಲೇಖಕರನ್ನು ಮದುಮಗನ ಹಾಗೆ ಕೂರಿಸುವುದು. ಮನೆಯ ಮಕ್ಕಳು ಪ್ರತಿ ಪುಸ್ತಕದಿಂದ ಒಂದೊಂದು ಪುಟ ಓದುವುದು. ಆಮೇಲೆ ಅಮ್ಮ ಲೇಖಕರ ಹಣೆಗೆ ಕುಂಕುಮವಿಟ್ಟು, ನನ್ನ ಅಕ್ಕ ವತ್ಸಲೆಯೊಂದಿಗೆ ತಟ್ಟೆ ಹಿಡಿದು ಕೆಂಪು ಆರತಿ ಎತ್ತುವುದು. ಹೆಗಲಿಗೆ ಒಂದು ಶಾಲು, ಕೈಗೆ ಹೊಸ ಪುಸ್ತಕ. ಸಭೆ, ಭಾಷಣ, ಪತ್ರಿಕೆಯ ವರದಿ ಯಾವುದೂ ಇಲ್ಲ. ಒಬ್ಬ ಲೇಖಕರಂತೂ ಆರತಿಯ ಹೊತ್ತಿಗೆ ಅತ್ತುಬಿಟ್ಟಿದ್ದರು, ತಮ್ಮ ಮದುವೆಯಲ್ಲೂ ತಮ್ಮನ್ನು ಯಾರೂ ಹೀಗೆ ನೋಡಿಕೊಂಡಿರಲಿಲ್ಲವೆಂದು. ಅಪ್ಪ ತನ್ನ ಲೇಖಕರಿಗೆ ಕೊಡಬಲ್ಲದ್ದು ಅದೊಂದೇ ಆಗಿತ್ತು. ಅದನ್ನು ಅವನು ಮನಸ್ಸಿಟ್ಟು ಕೊಡುತ್ತಿದ್ದ. ಇದನ್ನು ಬರೆಯದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ನಾನು ಇಂಟರ್ಮೀಡಿಯೆಟ್ಟಿನಲ್ಲಿದ್ದ ವರ್ಷ ಅಪ್ಪ ರುಕ್ಮಿಣಮ್ಮನವರ ಪುಸ್ತಕ ಹಾಕಿದ. ಅವರು ಬಸವನಗುಡಿಯ ಕಡೆ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಮೂವತ್ತೈದರ ಆಸುಪಾಸಿನ ವಿಧವೆ. ಕೂದಲು ತೆಗೆಸಿರಲಿಲ್ಲ, ಅಂಚಿಲ್ಲದ ಸೀರೆ ಉಡುತ್ತಿದ್ದರು, ಹಣೆ ಬರಿದು. ಅಣ್ಣನ ಮನೆಯಲ್ಲಿ ಇದ್ದರು. ಪುಸ್ತಕದ ಹೆಸರು ‘ಒಲೆಯ ಮುಂದಿನ ಪ್ರಶ್ನೆಗಳು’. ಹಾಲು ಉಕ್ಕುತ್ತದೆ, ನೀರು ಯಾಕೆ ಹಾಗೆ ಉಕ್ಕುವುದಿಲ್ಲ? ಈರುಳ್ಳಿ ಹೆಚ್ಚಿದರೆ ಕಣ್ಣು ಯಾಕೆ ಉರಿಯುತ್ತದೆ? ಅರಿಶಿನಕ್ಕೆ ಸುಣ್ಣ ಬಿದ್ದರೆ ಯಾಕೆ ಕೆಂಪಾಗುತ್ತದೆ? ಮಕ್ಕಳಿಗಾಗಿ ಬರೆದದ್ದು. ಪ್ರತಿ ಪಾಠದ ಕೊನೆಗೂ ಒಂದೇ ಸಾಲು: ನಾನು ಹೇಳಿದೆನೆಂದು ನಂಬಬೇಡಿ, ಮಾಡಿ ನೋಡಿ. ಆ ಪುಸ್ತಕದ ಪ್ರೂಫು ನೋಡಿದವನು ನಾನು. ಪ್ರೂಫು ನೋಡುತ್ತ ಅಮ್ಮನ ಅರಿಶಿನದ ಡಬ್ಬಿ ಅರ್ಧ ಖಾಲಿ ಮಾಡಿದೆ. ಸುಣ್ಣ ಹಾಕಿದರೆ ಕೆಂಪು, ನಿಂಬೆ ಹಿಂಡಿದರೆ ಮತ್ತೆ ಹಳದಿ. ಆಮೇಲೆ ಸೈನ್ಸ್ ಓದಿದ್ದು, ಕಲಿಸಿದ್ದು, ಯಾರು ಏನು ಹೇಳಿದರೂ "ಹೌದಾ?" ಎಂದು ಕೇಳಿ ನೆಂಟರಿಷ್ಟರಲ್ಲಿ ಕೆಟ್ಟ ಹೆಸರು ತೆಗೆದುಕೊಂಡದ್ದು, ಎಲ್ಲಕ್ಕೂ ಆ ಡಬ್ಬಿಯೇ ಮೂಲ.

ರುಕ್ಮಿಣಮ್ಮ ಬರೆದದ್ದನ್ನು ಕೊಡಲು ಬಂದಾಗಲೆಲ್ಲ ಶೆಡ್ಡಿಗೆ ಹೋಗದೆ ನೇರ ಅಡುಗೆಮನೆಗೆ ಹೋಗುತ್ತಿದ್ದರು. ಅಲ್ಲಿ ಹೆಂಗಸರು ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು, ನಗು ಮಾತ್ರ ಹೊರಗೆ ಕೇಳುತ್ತಿತ್ತು. ಹಬ್ಬಕ್ಕೆ ಕೆಲವು ದಿನ ಮುಂಚೆ ಬಂದವರು ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು:

"ಪಾರ್ವತಮ್ಮ, ನಮ್ಮಣ್ಣಾನೂ ಬರ್ತೀನಿ ಅಂದಿದಾರೆ. ಪುಸ್ತಕ ಗಿಸ್ತಕ ಅಂದ್ರೆ ಅವರಿಗಾಗಲ್ಲ. ಮನೆ ಮಾನ ಬೀದಿಗೆ ಬಂತು ಅಂತಾರೆ. ನಿಮ್ಮನೇಲಿ ಎಲ್ಲರ ಮುಂದೆ ಮಣೆ ಮೇಲೆ ಕೂರ್ಸಿದ್ದು ಒಂದ್ಸಲ ಕಣ್ಣಾರೆ ನೋಡ್ಲಿ. ಎರಡನೇದು ಅರ್ಧ ಬರೆದಿಟ್ಟಿದೀನಿ, ಆಮೇಲೆ ಅಡ್ಡ ಬರಲ್ಲ."

ಅಮ್ಮ ಏನೆಂದಳೋ ಕೇಳಿಸಲಿಲ್ಲ. ಹಬ್ಬದ ಹಿಂದಿನ ಸಂಜೆ ಅವಳು ಅಪ್ಪನೊಡನೆ ಜಗಳವಾಡಿದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತಿದ್ದ.

"ನೋಡು, ನಾಳೆ ಲೇಖಕರಿಗೆ ಆರತಿ ಬೇಡ. ಪುಸ್ತಕಕ್ಕೆ ಮಾಡೋಣ. ವ್ಯಕ್ತಿಪೂಜೆ ಯಾಕೆ? ಗ್ರಂಥಪೂಜೆ ಸಾಕು."

"ಇಷ್ಟು ವರ್ಷ ಮಾಡಿದ್ದು ಯಾವ ಪೂಜೆ?"

"ಅದು ಬೇರೆ."

"ಏನು ಬೇರೆ? ಬಾಯಿ ಬಿಟ್ಟು ಹೇಳಿ."

"ನಿನಗೂ ಗೊತ್ತು. ಬಂದವರಲ್ಲಿ ಹಳಬರಿದಾರೆ. ಅವರ ಮುಂದೆ ಆಯಮ್ಮನಿಗೆ ಕುಂಕುಮ ಇಟ್ಟು ಗಲಾಟೆ ಆಗೋದು ಬೇಡ. ಇಡದೆ ಅವಮಾನ ಮಾಡೋದೂ ಬೇಡ. ಎಲ್ಲರಿಗೂ ಪುಸ್ತಕ ಮುಂದಿಟ್ಟು ಎತ್ತಿಬಿಟ್ರೆ ಯಾರಿಗೂ ನೋವಿಲ್ಲ."

ಅಮ್ಮ ಬೀಸುವ ಕಲ್ಲನ್ನು ಜೋರಾಗಿ ತಿರುಗಿಸಿದಳು. ಹಿಟ್ಟು ಹೊರಗೆ ಚೆಲ್ಲಿತು.

"ವಿಧವಾ ವಿವಾಹದ ಬಗ್ಗೆ ಪುಸ್ತಕ ಹಾಕಿದವರು ನೀವೇ ಅಲ್ವಾ?"

"ಅದು ಪುಸ್ತಕ ಕಣೆ," ಎಂದ ಅಪ್ಪ.

ಆಗ ನನಗೆ ಅಪ್ಪನ ಉಪಾಯ ಬಹಳ ಜಾಣತನದ್ದು ಅನ್ನಿಸಿತು. ಗ್ರಂಥಪೂಜೆ ಎಂಬ ಮಾತೇ ಎಷ್ಟು ಚೆಂದ! ಆ ವರ್ಷ ಮಣೆಗೆ ಮೂವರು. ಹರಿದಾಸರ ಬಗ್ಗೆ ಬರೆದ ಒಬ್ಬ ರಿಟೈರ್ಡ್ ಶಿರಸ್ತೇದಾರರು, ಪದ್ಯ ಬರೆದ ಒಬ್ಬ ಎಳೆಯ ಲೆಕ್ಚರರು, ಮೂರನೆಯ ಮಣೆಯ ಮೇಲೆ ರುಕ್ಮಿಣಮ್ಮ. ಪ್ರತಿಯೊಬ್ಬರ ಮುಂದೆ ಒಂದು ಪೀಠ, ಪೀಠದ ಮೇಲೆ ಅವರ ಪುಸ್ತಕ. ರುಕ್ಮಿಣಮ್ಮನವರ ಅಣ್ಣ ಗೋಡೆಗೆ ಒರಗಿ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಪ್ಪ ಕೈಮುಗಿದು, ಈ ವರ್ಷದಿಂದ ಗ್ರಂಥಕ್ಕೇ ಆರತಿ ಎಂದು ಎರಡು ಮಾತು ಹೇಳಿದ. ಶಿರಸ್ತೇದಾರರು "ಭೇಷ್, ಭೇಷ್" ಎಂದರು. ನಾನು ಅರಿಶಿನ ಸುಣ್ಣದ ಪಾಠ ಓದಿದೆ. ಆರತಿ ತಟ್ಟೆಯ ಕೆಂಪು ನೀರು ಬೇರೇನಲ್ಲ, ಅರಿಶಿನ ಮತ್ತು ಸುಣ್ಣ ಮಾತ್ರ ಎಂಬ ಜಾಗಕ್ಕೆ ಬಂದಾಗ ಎಲ್ಲರೂ ನಕ್ಕರು. ಅಣ್ಣನವರೂ ನಕ್ಕರು. ರುಕ್ಮಿಣಮ್ಮ ಅಣ್ಣ ನಕ್ಕದ್ದನ್ನು ನೋಡಿದರು. ಅವರ ಮುಖದಲ್ಲಿ ಆಗ ಬಂದ ಬೆಳಕು ನಿಜವಾದ ನೆನಪೋ ನಾನೇ ಬಳಿದ ಬಣ್ಣವೋ ಹೇಳಲಾರೆ.

ಅಮ್ಮ ಮತ್ತು ವತ್ಸಲೆ ತಟ್ಟೆ ಹಿಡಿದು ಬಂದರು. ಶಿರಸ್ತೇದಾರರ ಪುಸ್ತಕಕ್ಕೆ ಅಮ್ಮ ಕುಂಕುಮವಿಟ್ಟಳು. ಇಟ್ಟ ಕೈ ಅಲ್ಲಿಗೆ ನಿಲ್ಲಲಿಲ್ಲ. ವರ್ಷವರ್ಷವೂ ಮಾಡಿದ ಅಭ್ಯಾಸ, ನೆಟ್ಟಗೆ ಶಿರಸ್ತೇದಾರರ ಹಣೆಗೆ ಹೋಯಿತು. ಅವರೂ ಅಭ್ಯಾಸದಿಂದಲೇ ತಲೆ ಮುಂದೆ ಬಾಗಿಸಿದರು. ತಟ್ಟೆ ಮೇಲೆದ್ದು ಪುಸ್ತಕಕ್ಕೂ ಮನುಷ್ಯನಿಗೂ ಸೇರಿ ಸುತ್ತಿತು. ಹಿಂದೆ ಕೂತಿದ್ದ ಹೆಂಗಸರು ಆರತಿ ಹಾಡು ಶುರು ಮಾಡಿಬಿಟ್ಟರು. ಲೆಕ್ಚರರಿಗೂ ಹಾಗೇ ಆಯಿತು, ಪುಸ್ತಕಕ್ಕೆ ಒಂದು ಬೊಟ್ಟು, ಹಣೆಗೆ ಒಂದು ಬೊಟ್ಟು. ಇಬ್ಬರಿಗೆ ಆದ ಮೇಲೆ ಅದು ಮತ್ತೆ ಹಳೆಯ ಹಬ್ಬವೇ ಆಗಿಹೋಗಿತ್ತು. ಅಪ್ಪನ ಉಪಾಯದಲ್ಲಿ ಉಳಿದದ್ದು ಪೀಠ ಮಾತ್ರ. ಅಮ್ಮ ಮೂರನೆಯ ಮಣೆಯ ಮುಂದೆ ಬಂದಳು. ಪುಸ್ತಕಕ್ಕೆ ಕುಂಕುಮವಿಟ್ಟಳು. ಕೈ ನಿಂತಿತು. ಹಾಡೂ ನಿಂತಿತು. ರುಕ್ಮಿಣಮ್ಮ ತಲೆ ಬಾಗಿಸಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಆಗ ಅಡುಗೆಮನೆಯ ಬಾಗಿಲ ಕಡೆಯಿಂದ ಮಾತು ಬಂತು:

"ಪುಸ್ತಕಕ್ಕೆ ಆಯ್ತಲ್ಲ, ಸಾಕು. ಒಳಗೆ ಬಾ."

ಬಾಗಿಲಲ್ಲಿ ದೊಡ್ಡತ್ತೆ. ಬಲಗೈ ಸೊಂಟದ ಮೇಲೆ. ಪಕ್ಕದಲ್ಲಿ ಅಪ್ಪ, ಮಾತಿಲ್ಲದೆ, ಕೈಯಲ್ಲಿ ಶಾಲು. ನನ್ನ ನೆನಪಿನಲ್ಲಿ ಹೀಗಿದೆ.

ತಟ್ಟೆ ಓರೆಯಾಗಿ ಕೆಂಪು ನೀರು ಅಂಚಿಗೆ ಬಂದು ಅಮ್ಮನ ಬೆರಳ ಮೇಲೆ ಇಳಿಯಿತು. ರುಕ್ಮಿಣಮ್ಮನವರೇ ಮೆಲ್ಲಗೆ ಹೇಳಿದರು:

"ಕೆಳಗಿಡಿ ಪಾರ್ವತಮ್ಮ, ಕೈ ನೋಯುತ್ತೆ. ಬರೀ ಅರಿಶಿನ ಸುಣ್ಣ ಅಲ್ವಾ ಅದು."

ಅಪ್ಪ ಶಾಲು ಹೊದಿಸಿದ. ಅವರು ಎದ್ದು ಕೈಮುಗಿದರು. ಊಟವಾಯಿತು. ಹೆಂಗಸರ ಪಂಕ್ತಿಯಲ್ಲಿ ಕೂತು ಅವರು ಹುಳಿಯನ್ನು ಎರಡನೆಯ ಸಲ ಹಾಕಿಸಿಕೊಂಡರು, ಚಿರೋಟಿ ಚೆನ್ನಾಗಿದೆ ಎಂದರು, ನನ್ನ ಓದನ್ನು ಹೊಗಳಿದರು. ಬಡಿಸುತ್ತಿದ್ದ ನನಗೆ ಅವರ ಎಲೆಯ ಮುಂದೆ ಬಗ್ಗಲು ಆಗಲಿಲ್ಲ. ಸೌಟನ್ನು ವತ್ಸಲೆಯ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಅಷ್ಟು ಹೊತ್ತಿಗೆ ಕೈ ತೊಳೆಯಲು ಬಂದಿದ್ದ ಅವರ ಅಣ್ಣ ಅಪ್ಪನೊಡನೆ ಮಾತಾಡುತ್ತಿದ್ದುದು ಕೇಳಿಸಿತು. ಅವರು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಸ್ವಾಮಿ, ನಿಜ ಹೇಳ್ಬೇಕು ಅಂದ್ರೆ ನಾನು ಹೆದರಿಕೊಂಡೇ ಬಂದಿದ್ದೆ. ಪ್ರೆಸ್ಸಿನವರು, ಸುಧಾರಣೆ ಅಂತ ಏನೇನು ಮಾಡ್ತಾರೋ ಅಂತ. ಈಗ ಮನಸ್ಸು ಹಗುರ ಆಯ್ತು. ನೀವೂ ನಮ್ಮ ಹಾಗೇ. ಎರಡನೇದೂ ನಿಮ್ಮ ಹತ್ರಾನೇ ಹಾಕ್ಸಲಿ, ನಂದೇನೂ ಅಡ್ಡಿ ಇಲ್ಲ."

ಅಪ್ಪ "ಸಂತೋಷ, ಸಂತೋಷ" ಎಂದ. ಅಷ್ಟರಲ್ಲಿ ಕೈ ತೊಳೆಯಲು ಬಂದ ರುಕ್ಮಿಣಮ್ಮ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಬೇಕಾಗಿದ್ದ ಒಪ್ಪಿಗೆ ಸಿಕ್ಕಿತ್ತು. ಯಾವ ದಾರಿಯಲ್ಲಿ ಸಿಕ್ಕಿತು ಎಂಬುದನ್ನೂ ಅವರು ಕೇಳಿಸಿಕೊಂಡಿದ್ದರು.

"ನೋಡೋಣ ಅಣ್ಣಯ್ಯ," ಎಂದರು. "ಹೊತ್ತಾಯ್ತು, ಹೊರಡೋಣ."

ಎರಡನೆಯ ಪುಸ್ತಕ ನಮ್ಮ ಶೆಡ್ಡಿಗೆ ಬರಲಿಲ್ಲ. ಕೆಲವು ತಿಂಗಳು ಕಾದು ಅಪ್ಪ ಬಸವನಗುಡಿಗೆ ಹೋದ, ನನ್ನನ್ನೂ ಕರೆದುಕೊಂಡು. ರುಕ್ಮಿಣಮ್ಮ ಕಾಫಿ ಕೊಟ್ಟರು. ಎರಡನೆಯದರ ಮಾತು ಅಪ್ಪ ಎತ್ತಿದಾಗ, ಅದು ಇನ್ನೂ ಬರೆದಿಲ್ಲ ಮೇಷ್ಟ್ರೇ ಎಂದರು. ಅರ್ಧ ಬರೆದಿಟ್ಟಿದ್ದಾರೆಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಮಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಮೂವರೂ ಕಾಫಿ ಕುಡಿದೆವು. ವಾಪಸು ಬರುವಾಗ ಅಪ್ಪ ದಾರಿಯುದ್ದಕ್ಕೂ ಕಾಗದ ಸಿಗುತ್ತಿಲ್ಲವೆಂದು ಮಾತಾಡಿದ. ಮರುವರ್ಷವೂ ಪುಸ್ತಕದ ಹಬ್ಬ ನಡೆಯಿತು, ಅದರ ಮರುವರ್ಷವೂ. ಅಮ್ಮ ಆರತಿ ಎತ್ತಲಿಲ್ಲ. ಕೈ ನೋವು ಎಂದಳು. ಪಕ್ಕದ ಮನೆಯವರು ಬಂದು ಎತ್ತಿದರು.

ಈ ಕತೆಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ತರಗತಿಯಲ್ಲಿ, ವಿಚಾರಗೋಷ್ಠಿಗಳಲ್ಲಿ, ಒಮ್ಮೆ ರೇಡಿಯೊದಲ್ಲೂ. ಹೇಳುವಾಗಲೆಲ್ಲ ಅಡುಗೆಮನೆಯ ಬಾಗಿಲಿನಲ್ಲಿ ದೊಡ್ಡತ್ತೆಯನ್ನು ನಿಲ್ಲಿಸಿದ್ದೇನೆ. ಬೋಳು ತಲೆ, ಕೆಂಪು ಸೀರೆ, ಒಬ್ಬ ವಿಧವೆಯ ಹಣೆಯ ಕುಂಕುಮವನ್ನು ತಡೆದ ಇನ್ನೊಬ್ಬ ವಿಧವೆ. ಕೇಳಿದವರು ನಿಟ್ಟುಸಿರು ಬಿಡುತ್ತಿದ್ದರು, ಸಂಪ್ರದಾಯ ಹೇಗೆ ತನ್ನ ಬಲಿಗಳ ಬಾಯಿಂದಲೇ ಮಾತಾಡುತ್ತದೆ ನೋಡಿ ಎನ್ನುತ್ತಿದ್ದರು. ಕತೆಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ಅಷ್ಟು ಚೆನ್ನಾಗಿ ಒಪ್ಪುವುದನ್ನು ಅನುಮಾನಿಸಬೇಕೆಂದು ಬದುಕಿಡೀ ಪಾಠ ಹೇಳಿದವನು ಅದೊಂದನ್ನು ಮಾತ್ರ ಅನುಮಾನಿಸಲಿಲ್ಲ. ಈ ಅಧ್ಯಾಯ ಬರೆಯಲು ಕೂತಾಗ ವತ್ಸಲೆಗೆ ಓದಿ ಹೇಳಿದೆ. ಅವಳಿಗೀಗ ಕಣ್ಣು ಮಂಜು, ಕಿವಿ ಚುರುಕು. ಆ ಜಾಗ ಬಂದಾಗ ತಡೆದಳು.

"ಯಾರು ಅಂದಿದ್ದು? ದೊಡ್ಡತ್ತೇನಾ?"

"ಹೂಂ. ಬಾಗಿಲಲ್ಲಿ ನಿಂತಿದ್ಲಲ್ಲ."

"ದೊಡ್ಡತ್ತೆ ಎಲ್ಲಿದ್ಲೋ ಆಗ? ಅಂದಿದ್ದು ಅಪ್ಪ ಕಣೋ."

"ನಿನಗೆ ಸರಿಯಾಗಿ ನೆನಪಿಲ್ಲ."

"ನನಗಾ? ತಟ್ಟೆಯ ಇನ್ನೊಂದು ಕಡೆ ಹಿಡ್ಕೊಂಡಿದ್ದವಳು ನಾನು. ಅಮ್ಮನ ಕೈ ನಿಂತಿತು ಅಂತ ಬರ್ದಿದ್ದೀಯಲ್ಲ, ಅದೂ ಸುಳ್ಳು. ಕುಂಕುಮ ತಗೊಂಡು ಅವರ ಹಣೆ ಹತ್ರ ಹೋಗ್ತಿತ್ತು. ಅಪ್ಪ ಅಂದ ಮೇಲೆ ನಿಂತಿದ್ದು."

ವಾದ ಮಾಡಿದೆ. ಎಂಬತ್ತು ದಾಟಿದವಳ ನೆನಪು ಎಂದು ಮನಸ್ಸಿನಲ್ಲೇ ತಳ್ಳಿಹಾಕಲೂ ನೋಡಿದೆ. ಅಮ್ಮನ ಕೈ ಮುಂದೆ ಹೋಗುತ್ತಿತ್ತೇ, ನಿಂತಿತ್ತೇ, ಅದನ್ನು ಇನ್ನು ಯಾರೂ ಹೇಳಲಾರರು. ಎರಡು ದಿನ ನಿದ್ದೆ ಬರಲಿಲ್ಲ. ‘ಒಲೆಯ ಮುಂದಿನ ಪ್ರಶ್ನೆಗಳು’ ನಮ್ಮಲ್ಲಿ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಒಂದು ಹಳೆಯ ಲೈಬ್ರರಿಯಲ್ಲಿ, ಮಕ್ಕಳ ಪುಸ್ತಕಗಳ ಕಪಾಟಿನ ಹಿಂದಿನ ಸಾಲಿನಲ್ಲಿ ಸಿಕ್ಕಿತು. ಮುನ್ನುಡಿಯ ಪುಟಗಳು ಯಾವಾಗಲೂ ಕೊನೆಗೆ ಅಚ್ಚಾಗುತ್ತಿದ್ದವು, ಅವುಗಳ ಪ್ರೂಫನ್ನು ಅಪ್ಪನೇ ನೋಡುತ್ತಿದ್ದ. ನಾನು ಅವನ್ನು ಓದಿರಲೇ ಇಲ್ಲ. ರುಕ್ಮಿಣಮ್ಮನವರ ಅರಿಕೆ ಒಂದೇ ಪುಟ. ಅರಿಶಿನ, ಸುಣ್ಣ, ನಿಂಬೆಯ ಪ್ರಯೋಗವನ್ನು ತಮಗೆ ಮೊದಲು ಮಾಡಿ ತೋರಿಸಿದವರು ಪ್ರಕಾಶಕರ ಅಕ್ಕ ಎಂದು ಅದರಲ್ಲಿ ಬರೆದಿದ್ದಾರೆ. ಮಡಿಯ ಹೊತ್ತಿನಲ್ಲೂ ತಮ್ಮನ್ನು ಒಲೆಯ ಪಕ್ಕ ಕೂರಿಸಿಕೊಂಡು ಆಕೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದರಂತೆ. ಪುಸ್ತಕ ಕೈಗೆ ಬರುವ ಹೊತ್ತಿಗೆ ಅವರಿಲ್ಲವಲ್ಲ ಎಂಬ ಸಂಕಟ ಕೊನೆಯ ಸಾಲಿನಲ್ಲಿದೆ. ಊರಿನಲ್ಲಿ ನಮ್ಮ ಮನೆಯ ಶ್ರಾದ್ಧಗಳನ್ನೆಲ್ಲ ಮಾಡಿಸಿದ ಪುರೋಹಿತರ ಮಗನನ್ನೂ ಕೇಳಿದೆ. ಅಪ್ಪ ತನ್ನ ಅಕ್ಕನ ತಿಥಿಯನ್ನು ಬದುಕಿರುವವರೆಗೂ ತಪ್ಪಿಸಲಿಲ್ಲವೆಂದು ಅವರು ನೆನೆದರು. ತಿಥಿ ಬರುವುದು ಶ್ರಾವಣದಲ್ಲಿ. ಆ ವರ್ಷದ ಶ್ರಾವಣದಲ್ಲಿ ದೊಡ್ಡತ್ತೆ ತೀರಿಕೊಂಡಿದ್ದಳು. ಪುಸ್ತಕದ ಹಬ್ಬ ನಡೆದದ್ದು ಕಾರ್ತಿಕದಲ್ಲಿ.